ಅಂಗಿಯ ಮೇಲಿನ ದೀಪ

೨೦೦೩ರ ಮಾರ್ಚ್ ೮, ಶನಿವಾರ. ಮಧ್ಯಾಹ್ನ ನಂಜನಗೂಡಿನ ಠಾಣೆಗೆ ದೂರು ಕೊಡಲು ಬಂದ ಕೋಮಲ, ಕೂರಮ್ಮ ಎಂದರೂ ಕೂರಲಿಲ್ಲ, ಕಂಕುಳಲ್ಲಿದ್ದ ಮಗುವನ್ನೂ ಇಳಿಸಲಿಲ್ಲ. ಸ್ಟವ್ ಕಂಪನಿಯ ಅಂಗಿ ತೊಟ್ಟವನೊಬ್ಬ ಸರ್ವಿಸ್ ಎಂದು ಒಳಗೆ ಬಂದು, ಅವಳ ಬಾಯಿ ಅದುಮಿ, ಮಗುವಿನ ಕತ್ತಿಗೆ ಚಾಕು ಹಿಡಿದು ಸರ ಬಿಚ್ಚಿಸಿಕೊಂಡಿದ್ದ. ಬಾಯಿಬಿಟ್ಟರೆ ಮತ್ತೆ ಬರುತ್ತೇನೆ ಎಂದೂ ಹೇಳಿ ಹೋಗಿದ್ದ. ಎಫ್‌ಐಆರ್ ದಾಖಲಾಯಿತು. ಪಕ್ಕದಲ್ಲಿ ನಿಂತಿದ್ದ ಪೇದೆ ಕವನಳಿಗೆ ತನ್ನ ಮನೆ ನೆನಪಾಯಿತು. ಅವಳ ಮಗುವೂ ಆ ಹೊತ್ತಿನಲ್ಲಿ ಅತ್ತೆಯ ಜೊತೆ ಮನೆಯಲ್ಲಿತ್ತು. ಅತ್ತೆಯಂತೂ ಅಂಗಿ ನೋಡಿಯೇ ಬಾಗಿಲು ತೆಗೆಯುವ ಪೈಕಿ.

"ಅಂಗಿ ಮೇಲೆ ಏನಿತ್ತಮ್ಮ?" ಇನ್ಸ್‌ಪೆಕ್ಟರ್ ನಾಗೇಂದ್ರ ಕೇಳಿದರು.

"ಎದೆ ಮ್ಯಾಲೆ ದೀಪದ ಚಿತ್ರ ಸಾ. ಬಾಯಿ ಅದುಮ್ದಾಗ ಅದು ನನ್ ಕೆನ್ನೆಗೆ ಅಂಟ್ಕತು. ರಬ್ಬರ್ ಇದ್ದಂಗಿತ್ತು."

ಕೋಮಲಳ ಮನೆಯಲ್ಲಿ ಪಂಚನಾಮೆ ಮುಗಿಸಿ ನಾಗೇಂದ್ರ, ಕವನ ಇಬ್ಬರೂ ಸ್ಟವ್ ಕಂಪನಿಯ ಅಂಗಡಿಗೆ ಹೋದರು. ಮಾಲೀಕ ಪ್ರಹ್ಲಾದ ತಂದಿಟ್ಟ ಅಂಗಿಯ ಮೇಲೆ ಕವನ ಬೆರಳಾಡಿಸಿದಳು. ಆ ದೀಪ ನೂಲಿನದು.

"ರಬ್ಬರಿನಂಥ ಪ್ರಿಂಟ್ ಯಾಕೆ ಹಾಕಿಸಲಿಲ್ಲ?" ನಾಗೇಂದ್ರ ಕೇಳಿದರು.

"ಪ್ರಚಾರಕ್ಕೆ ಹಂಚೋದಾದ್ರೆ ಪ್ರಿಂಟೇ ಸಾಕಿತ್ತು ಸಾರ್. ಇದು ದಿನಾ ಹಾಕಿ ಒಗೆಯೋ ಅಂಗಿ. ಚಿತ್ರ ಬಿರುಕು ಬಿಟ್ರೆ ಕಂಪನಿ ಮರ್ಯಾದೆ ಹೋಗುತ್ತೆ. ಅದಕ್ಕೇ ಎಂಬ್ರಾಯ್ಡರಿ."

"ಕೆಲಸ ಬಿಟ್ಟವರ ಅಂಗಿ?"

"ವಾಪಸ್ ಇಸ್ಕೊಳ್ತೀವಿ. ಸಂಕ್ರಾಂತಿ ಆದ್ಮೇಲೆ ಬಿಡಿಸಿದ್ದು ಒಬ್ಬನ್ನೇ. ಟಿ. ನರಸೀಪುರದ ಗುರು."

ಮರುದಿನ ಭಾನುವಾರ, ಗುರು ನಕಲಿ ಅಂಗಿ ಮಾಡಿಸಿರಬಹುದೆಂದು ಇಬ್ಬರೂ ಅವನ ಊರಿಗೆ ಹೋದರು. ನರಸೀಪುರದಲ್ಲಿ ಕ್ರಿಕೆಟ್ ತಂಡಗಳಿಗೆ ಟೀ ಶರ್ಟ್ ಪ್ರಿಂಟ್ ಮಾಡಿಕೊಡುವ ಮಾದಪ್ಪನಿಗೆ ದೀಪ ಎಂದ ಕೂಡಲೇ ನೆನಪಾಯಿತು.

"ಒಂದೇ ಅಂಗಿಗೆ ಸ್ಕ್ರೀನ್ ಮಾಡ್ಸೋದು ದಂಡ ಅಂದೆ ಸಾ. ಗುರು ಕೇಳ್ನಿಲ್ಲ. ಇದೇ ಬೀದೀಲಿ ಅವ್ನ ಮನೆ."

ನಾಗೇಂದ್ರ ಹಿತ್ತಲಿನತ್ತ ಹೋದರು. ಮಫ್ತಿಯಲ್ಲಿದ್ದ ಕವನ ಮುಂದಿನಿಂದ ಅಂಗಳಕ್ಕೆ ಬಂದಳು. ಗುರುವಿನ ಹೆಂಡತಿ ರಾಮಮ್ಮ ಬಟ್ಟೆ ಒಗೆಯುತ್ತಿದ್ದಳು. ತಂತಿಯ ಮೇಲೆ ಅಂಗಿಯೊಂದನ್ನು ಒಳಮೈ ಹೊರಗೆ ಮಾಡಿ ಜೋಪಾನವಾಗಿ ಹರವಿದ್ದಳು. ಕವನ ಅದರೊಳಗೆ ಕೈ ತೂರಿಸಿದಳು. ದೀಪ ಬೆರಳಿಗೆ ಅಂಟಿತು.

ತಲೆ ಎತ್ತಿದರೆ ಹೊಸ್ತಿಲಲ್ಲಿ ಗುರು. ಒಂದು ತೋಳಿನಲ್ಲಿ ಮಗು, ಇನ್ನೊಂದು ಕೈ ಜೇಬಿನಲ್ಲಿ. ಕೂಗಿದರೆ ಆ ಕೈ ಚಾಕುವಿನೊಂದಿಗೆ ಹೊರಬಂದೀತು ಎಂದು ಕವನಳಿಗೆ ಭಯ.

"ಮಗೂನ ಅವಳ ಕೈಗೆ ಕೊಡು," ಎಂದಳು.

ಅವನು ಅಂಗಿಯನ್ನು ನೋಡಿದ, ಅವಳನ್ನು ನೋಡಿದ. ಜೇಬಿನಿಂದ ಕೈ ಹೊರಬಂತು. ಬರಿಗೈ. ಮಗುವನ್ನು ಹೆಂಡತಿಗೆ ಕೊಟ್ಟು ಕವನಳ ಬಳಿ ಬಂದು, "ಅವ್ಳಿಗೆ ಏಳ್ಬ್ಯಾಡಿ ಮೇಡಂ," ಎಂದು ಪಿಸುಗುಟ್ಟಿದ. ಹಿಂದಿನಿಂದ ಬಂದ ನಾಗೇಂದ್ರ ಅವನ ರಟ್ಟೆ ಹಿಡಿದರು. ಚಾಕು ಜೇಬಿನಲ್ಲೇ ಇತ್ತು.

ಕೆಲಸ ಹೋದದ್ದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಹೆಂಡತಿಯ ಕಣ್ಣಿಗೆಂದೇ ಆ ಅಂಗಿ ಮಾಡಿಸಿ, ಡ್ಯೂಟಿಯೆಂದು ಹೊರಟು, ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ದಿನ ಕಳೆಯುತ್ತಿದ್ದ. ಒಂದು ದಿನ ಯಾರೋ ಹೆಂಗಸು ಅಂಗಿ ನೋಡಿ, ಸ್ಟವ್ ಕೆಟ್ಟಿದೆ ಬಾರಪ್ಪ ಎಂದು ತಾನಾಗಿಯೇ ಮನೆಯೊಳಗೆ ಕರೆದಳು. ಬಾಗಿಲು ಅಷ್ಟು ಸಲೀಸಾಗಿ ತೆರೆಯುತ್ತದೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಚಾಕು ಆಮೇಲೆ ಬಂತು.

ಒದ್ದೆ ಅಂಗಿಯನ್ನು ವಶಕ್ಕೆ ತೆಗೆದುಕೊಳ್ಳುವಾಗ ರಾಮಮ್ಮ ಓಡಿಬಂದು ಕವನಳ ಕೈ ಹಿಡಿದಳು.

"ಏನೋ ತಪ್ಪಾಗದೆ ಕಣಕ್ಕ. ಕಂಪ್ನಿಗೆ ಪೋನ್ ಮಾಡಿ ಕೇಳಿ, ಅವ್ರೇ ಏಳ್ತಾರೆ. ಅಂಗಿ ಮಾತ್ರ ಇಂಡ್ಬ್ಯಾಡಿ, ಚಿತ್ರ ಕಿತ್ತೋಯ್ತದೆ. ನಾಳೆ ಡ್ಯೂಟಿಗೆ ಬೇಕು."