ಕರಿಗಡ್ಡಿಯ ಕ್ಯಾಮೆರಾ

2025ರ ಫೆಬ್ರವರಿ 18, ಮಂಗಳವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಕರಿಗಡ್ಡಿ ಗ್ರಾಮದ ರೈತ ವಿರುಪಾಕ್ಷಿ ಗಂಗಾವತಿ ಕಡೆಯ ಗ್ರಾಮೀಣ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ತುಂಗಭದ್ರೆಯ ದಂಡೆಯಲ್ಲಿ ಜಾಲಿಮರಕ್ಕೆ ಕಟ್ಟಿದ್ದ ಕ್ಯಾಮೆರಾ ಹಿಂದಿನ ದಿನ, ಸೋಮವಾರ, ಕಳುವಾಗಿತ್ತು. ಅದು ಅರಣ್ಯ ಇಲಾಖೆಯದು. ಊರಿನ ನದಿ ಉಳಿಸಿ ಸಮಿತಿಯವರು ಎರವಲು ತಂದಿದ್ದರು. ಎದುರಿಗೆ ಏನಾದರೂ ಅಲುಗಾಡಿದರೆ ಅದು ತಾನಾಗಿಯೇ ಮೂವತ್ತು ಸೆಕೆಂಡಿನ ವಿಡಿಯೋ ತೆಗೆಯುತ್ತಿತ್ತು, ದನಿ ಸಮೇತ.

ಇನ್ಸ್‌ಪೆಕ್ಟರ್ ಗೋವಿಂದರಾಜ ದೂರನ್ನು ಎರಡು ಸಲ ಓದಿದರು.

"ಯಾರ ಮ್ಯಾಲೆ ಅನುಮಾನ?"

"ರೆಸಾರ್ಟಿನವರ ಮ್ಯಾಲೇರಿ. ಬ್ಯಾರೆ ಯಾರಿಗೆ ಬೇಕ್ರಿ ಅದು?"

ಅವನ ಮಾತಿನಲ್ಲಿ ಹುರುಳಿತ್ತು. ಕರಿಗಡ್ಡಿಯ ಬಂಡೆಗಳ ಸಂದಿನಲ್ಲಿ ನೀರುನಾಯಿಗಳು ವಾಸವಾಗಿದ್ದವು. ಅಲ್ಲೇ ಹನ್ನೆರಡು ಎಕರೆಯಲ್ಲಿ ರೆಸಾರ್ಟ್ ಕಟ್ಟಲು, ಬಂಡೆ ಒಡೆದು ದೋಣಿಕಟ್ಟೆ ಮಾಡಲು ಕಂಪನಿಯೊಂದು ಅರ್ಜಿ ಹಾಕಿತ್ತು. ಈ ದಂಡೆಯಲ್ಲಿ ಯಾವ ಕಾಡುಪ್ರಾಣಿಯೂ ಇಲ್ಲ ಎಂದು ಅರ್ಜಿಯಲ್ಲಿ ಬರೆದಿತ್ತು. ಫೆಬ್ರವರಿ 24ರಂದು ಉಪವಿಭಾಗಾಧಿಕಾರಿಗಳ ಮುಂದೆ ಸಾರ್ವಜನಿಕ ಅಹವಾಲು. ಊರವರ ಕೈಯಲ್ಲಿದ್ದ ಸಾಕ್ಷಿ ಆ ಕ್ಯಾಮೆರಾ ಒಂದೇ.

ಅಪರಿಚಿತ ಆರೋಪಿಯ ವಿರುದ್ಧ ಭಾರತೀಯ ನ್ಯಾಯ ಸಂಹಿತೆ ಕಲಂ 303(2)ರಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.30ಕ್ಕೆ ಸ್ಥಳ ಪಂಚನಾಮೆ. ಜಾಲಿಮರದ ಬುಡದಲ್ಲಿ ಕ್ಯಾಮೆರಾದ ಬೆಲ್ಟು ತುಂಡಾಗಿ ಬಿದ್ದಿತ್ತು. ಹೆಡ್ ಕಾನ್‌ಸ್ಟೇಬಲ್ ಮಲಿಕಸಾಬ ಅದನ್ನು ಬೆಳಕಿಗೆ ಹಿಡಿದ.

"ಇದು ಚಾಕು ಅಲ್ಲ ಸರ. ಕುಡಗೋಲು. ಎಳದೆಳದು ಕೊಯ್ದಾರ."

ಮೂರು ಗಂಟೆಗೆ ರೆಸಾರ್ಟಿನ ಸೂಪರ್‌ವೈಸರ್ ರಾಜಾಸಾಬನ ವಿಚಾರಣೆ ನಡೆಯಿತು.

"ನಿನ್ನೆ ಎಲ್ಲಿದ್ರಿ?"

"ಕೊಪ್ಪಳದಾಗ, ಕಂಪನಿ ಆಫೀಸಿನ್ಯಾಗ. ನಮ್ಮ ಮಂದಿ ಎಲ್ಲಾ ಅಲ್ಲೇ ಇದ್ರು."

"ಕ್ಯಾಮೆರಾ?"

"ಇಲ್ಲೊಂದು ಕ್ಯಾಮೆರಾ ಇತ್ತಂತ ನೀವು ಹೇಳಿದ ಮ್ಯಾಲೆ ಗೊತ್ತಾತ್ರಿ."

ಆಫೀಸಿನ ಸಿಸಿ ಟಿವಿ ನೋಡಿದಾಗ ಅವನು ಹೇಳಿದ್ದು ನಿಜವೇ ಆಗಿತ್ತು. ಗೋವಿಂದರಾಜರು ವಿರುಪಾಕ್ಷಿಯನ್ನು ಮತ್ತೆ ಕರೆಸಿದರು.

"ಕ್ಯಾಮೆರಾ ಅಲ್ಲೈತಿ ಅಂತ ಯಾರ್ಯಾರಿಗೆ ಗೊತ್ತಿತ್ತು?"

"ಮೊದಲ ಐದು ಮಂದಿಗಷ್ಟ. ರವಿವಾರ ಸಂಜೀಕ ಗುಡಿ ಕಟ್ಟಿ ಮ್ಯಾಲೆ ಮೀಟಿಂಗ್ ಇತ್ರಿ. ಆವಾಗ ನಾನೇ ಎಲ್ಲಾರಿಗೂ ಹೇಳಿದ್ನಿ. ಕಾರ್ಡ್ ಇನ್ನೂ ತಗದು ನೋಡಿಲ್ಲ, ಆದ್ರ ಚಿತ್ರ, ದನಿ ಎಲ್ಲಾ ಬಂದೈತಿ, ದೊಡ್ಡ ಪರದೆ ಮ್ಯಾಲೆ ತೋರಸ್ತೀವಿ ಅಂತ."

ಒಂಬತ್ತು ದಿನ ಯಾರೂ ಮುಟ್ಟದಿದ್ದ ಕ್ಯಾಮೆರಾ, ಆ ಮಾತು ಆಡಿದ ಮರುದಿನವೇ ಹೋಗಿತ್ತು. ಕದ್ದವರು ಅಂದು ಕಟ್ಟೆಯ ಮೇಲೆ ಕೂತವರೇ.

ದಂಡೆಯ ಕಡೆ ಯಾರು ಹೋಗುತ್ತಾರೆಂದು ವಿಚಾರಿಸಿದಾಗ ಶಾಂತಕ್ಕ ಎಂಬಾಕೆ ತನ್ನ ಪಕ್ಕದ ಮನೆಯ ಮಾರೆವ್ವನ ಹೆಸರು ಹೇಳಿದಳು.

"ದಿನಾ ಮುಂಜಾನೆ ಹೋಗ್ತಾಳ್ರಿ. ಊರಾಗ ಸಿಗ್ನಲ್ ಸಿಗಂಗಿಲ್ಲ. ಆಕಿ ಗಂಡ ಯಂಕೇಶ ನಾಸಿಕ್ ಕಡೆ ಬೋರ್ ಲಾರಿ ಮ್ಯಾಲೆ ಅದಾನ. ಒಂದಿನ ತಪ್ಪಸಂಗಿಲ್ಲ, ಫೋನ್ ಮಾಡ್ತಾನ. ಪುಣ್ಯವಂತಿ."

ಮಾರೆವ್ವನಿಗೆ ನಲವತ್ತು ವರ್ಷ. ಭತ್ತದ ನಾಟಿ ಕೂಲಿ. ಸಮಿತಿಯ ಪ್ರತಿ ಧರಣಿಯಲ್ಲೂ ಮುಂದಿನ ಸಾಲಿನಲ್ಲಿ ಕೂತವಳು. 19ರಂದು ಅವಳನ್ನು ಸಾಕ್ಷಿಯೆಂದೇ ಪ್ರಶ್ನಿಸಿದರು.

"ಸೋಮವಾರ ಮುಂಜಾನೆ ಅಲ್ಲಿ ಯಾರನ್ನರ ನೋಡಿದೇನವ್ವ?"

"ಇಲ್ರಿ ಸಾಹೇಬ್ರ. ಫೋನಿನ್ಯಾಗ ಇದ್ನಿ. ಲಕ್ಷ್ಯ ಇದ್ದಿಲ್ಲ."

ಕರೆಯ ಸಮಯ ಸಿಕ್ಕರೆ ಕಳವಿನ ಸಮಯವೂ ಸಿಗಬಹುದೆಂದು ಮಲಿಕಸಾಬ ನಂಬರ್ ಬರೆದುಕೊಂಡ. 20ರಂದು ಕರೆಗಳ ವಿವರ ಬಂತು. ಹೋದ ಜೂನ್‌ನಿಂದ ಆ ನಂಬರೇ ಬಂದ್ ಆಗಿತ್ತು. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಬಂದವು ಜಾಹೀರಾತಿನ ಕರೆಗಳು ಮಾತ್ರ.

"ಮತ್ತ ದಿನಾ ಯಾರ ಕೂಡ ಮಾತಾಡ್ತಾಳ ಸರ ಆಕಿ?"

ಗೋವಿಂದರಾಜರು ಹಾಳೆ ಮಡಚಿಟ್ಟರು.

ಫೆಬ್ರವರಿ 21, ಬೆಳಿಗ್ಗೆ 11 ಗಂಟೆ. ಜೀಪನ್ನು ಕಾಲುವೆಯ ಆಚೆಗೇ ನಿಲ್ಲಿಸಿದರು. ಮಹಿಳಾ ಪೇದೆ ರಂಜಿತಾ ಗದ್ದೆಗಿಳಿದು ಮಾರೆವ್ವನನ್ನು ಬದುವಿಗೆ ಕರೆತಂದಳು. ಉಳಿದ ಹೆಂಗಸರಿಗೆ ಮಾತು ಕೇಳಿಸದಷ್ಟು ದೂರ ಬಂದ ಮೇಲೆ ಗೋವಿಂದರಾಜರು ಹೇಳಿದರು.

"ಯವ್ವಾ, ನಿನ್ನ ನಂಬರ್ ಜೂನ್‌ದಾಗಿಂದ ಬಂದ್ ಐತಿ."

ಅವಳು ಕಾಲುವೆಯ ನೀರಿನಲ್ಲಿ ಕೈಯ ಕೆಸರು ತೊಳೆಯತೊಡಗಿದಳು. ಕೆಸರು ಹೋದ ಮೇಲೂ ತೊಳೆಯುತ್ತಲೇ ಇದ್ದಳು.

"ಯಾರಿಗರ ಹೇಳೀರೇನ್ರಿ?"

"ಇಲ್ಲ."

"ಜ್ವಾಳದ ಡಬ್ಬಿಯಾಗ ಐತ್ರಿ."

ಪಂಚರನ್ನು ಬೇರೆ ಊರಿನಿಂದ ಕರೆಸಿದರು. 12.40ಕ್ಕೆ ಜಪ್ತಿ ಪಂಚನಾಮೆ ನಡೆಯಿತು. ಜೋಳದ ನಡುವೆ ಕ್ಯಾಮೆರಾ ಕಾರ್ಡಿನ ಸಮೇತ ಹಾಗೇ ಇತ್ತು. 1.15ಕ್ಕೆ ಬಂಧನ. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕು ಎಂಬ ಕಡೆ ರಂಜಿತಾಳ ಪೆನ್ನು ನಿಂತಿತು.

"ಯಾರ ಹೆಸರು ಬರೀಲಿ ಅಕ್ಕಾ?"

"ಖಾಲಿ ಬಿಡ್ರಿ."

"ಬಿಡಾಕ ಬರಂಗಿಲ್ಲ."

ಕೊನೆಗೆ ಮಾರೆವ್ವ, "ಶಾಂತಕ್ಕನ ಹೆಸರು ಬರೀರಿ," ಎಂದಳು.

ಠಾಣೆಯಲ್ಲಿ ಅವಳು ಹೇಳಿಕೆ ಕೊಟ್ಟಳು. ಯಂಕೇಶ ಊರು ಬಿಟ್ಟು ನಾಲ್ಕು ವರ್ಷ. ಎರಡು ವರ್ಷ ಫೋನ್ ಮಾಡಿದ. ಆಮೇಲೆ ಅಲ್ಲೇ ಇನ್ನೊಂದು ಸಂಸಾರ ಹೂಡಿದ.

"ಫೋನ್ ನಿಂತೈತಿ ಅಂದ್ರ ಮಂದಿ ಅಯ್ಯ ಪಾಪ ಅಂತಾರ್ರಿ. ನನಗ ಅದು ಬ್ಯಾಡಾಗಿತ್ತು. ಅದಕ್ಕ ಹೋಗೂದು ಬಿಡಲಿಲ್ಲ. ಮೊದಮೊದಲ ಕಿವಿಗೆ ಹಿಡಕೊಂಡು ಸುಮ್ನ ಕುಂದರತಿದ್ನಿ. ಆಮ್ಯಾಲೆ ಮಾತು ಬರಾಕ ಹತ್ತಿದ್ವು. ಈಗೀಗ ಫೋನ್ ಮಡಿಲಾಗ ಇಟಗೊಂಡೇ ಮಾತಾಡ್ತೀನ್ರಿ."

"ಕ್ಯಾಮೆರಾ ಯಾಕ ತಗೊಂಡಿ?"

"ಚಿತ್ರ ಅಷ್ಟ ಆಗಿದ್ರ ನಡೀತಿತ್ರಿ. ದನೀನೂ ಬಂದೈತಿ ಅಂದ್ರಲ್ಲ."

ಪಂಚರ ಎದುರಿಗೆ ಕಾರ್ಡು ನೋಡಿದರು. ಎಪ್ಪತ್ತಕ್ಕೂ ಹೆಚ್ಚು ತುಣುಕುಗಳು. ಗಾಳಿಗೆ ಹೊಯ್ದಾಡುವ ಆಪು ಹುಲ್ಲು, ನೀರಿಗಿಳಿದ ಎಮ್ಮೆ, ಒಮ್ಮೆ ನೀರಿನಲ್ಲಿ ಮಾಯವಾದ ಒಂದು ಬಾಲ. ನೀರುನಾಯಿಗಳು ಸರಿಯಾಗಿ ಕಂಡದ್ದು 13ನೇ ತಾರೀಖಿನ 6 ಗಂಟೆ 48 ನಿಮಿಷದ ತುಣುಕಿನಲ್ಲಿ ಮಾತ್ರ. ಬಂಡೆಯ ಮೇಲೆ ಮಾರೆವ್ವ ಕೂತಿದ್ದಳು, ಫೋನು ಮಡಿಲಲ್ಲಿತ್ತು. ಹತ್ತು ಹೆಜ್ಜೆ ಆಚೆ ತಾಯಿ ನೀರುನಾಯಿ ಮೀನು ಹರಿದು ತಿನ್ನುತ್ತಿತ್ತು, ಸುತ್ತ ಮೂರು ಮರಿಗಳು. ಅವಳ ದನಿಗೆ ಅವು ಬೆದರಲಿಲ್ಲ.

"ಹ್ಞೂಂ, ಉಂಡೀನಿ. ನೀವು ಉಂಡ್ರಿ?... ಇಲ್ಲಿ ಮರಿ ಹಾಕ್ಯಾವ ನೋಡ್ರಿ, ಮೂರು. ಬಂದಾಗ ತೋರಸ್ತೀನಿ..."

ಮಲಿಕಸಾಬ ಎದ್ದು ಹೊರಗೆ ಹೋದ.

ಸಂಜೆ 4.30ಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಅವಳಿಗೆ ಜಾಮೀನು ಸಿಕ್ಕಿತು. ಅಹವಾಲಿಗೆ ವಿಡಿಯೋದ ಪ್ರತಿ ಕೊಡಲು ಕೋರ್ಟು ಅನುಮತಿ ಕೊಟ್ಟಿತು. ಕೋರ್ಟಿನ ಪಡಸಾಲೆಯಲ್ಲಿ ಗೋವಿಂದರಾಜರು ಅವಳ ಹತ್ತಿರ ಬಂದರು.

"ದನಿ ತಗದು ತೋರಸ್ರಿ ಅಂತ ನಾ ಕೇಳಕೋಬಹುದವ್ವ."

"ದನಿ ತಗದ್ರ ರೆಸಾರ್ಟಿನವ್ರು ಏನಂತಾರ್ರಿ?"

"ತಿದ್ದ್ಯಾರ, ಸುಳ್ಳು ಅಂತ ಅನ್ನಬಹುದು."

ಅವಳು ಸೆರಗು ಸರಿಮಾಡಿಕೊಂಡಳು.

"ಮರಿ ಛಲೋ ಕಾಣ್ತಾವೇನ್ರಿ?"

"ಮೂರೂ ಕಾಣ್ತಾವ."

"ಹಂಗಾರ ಇರ್ಲಿ ಬಿಡ್ರಿ. ಇದ್ದಂಗ ತೋರಸ್ರಿ."

24ರಂದು ಸಭಾಂಗಣ ತುಂಬಿತ್ತು. ಮಾರೆವ್ವ ಬಂದಿರಲಿಲ್ಲ. ತುಣುಕು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಾಂತಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ವನ್ಯಜೀವಿ ಸಮೀಕ್ಷೆ ಮುಗಿಯುವವರೆಗೆ ದಂಡೆಯಲ್ಲಿ ಯಾವ ಕೆಲಸವೂ ಕೂಡದು ಎಂದು ಉಪವಿಭಾಗಾಧಿಕಾರಿಗಳು ಆದೇಶ ಬರೆಸಿದರು.

ಮಾರ್ಚ್ 12ರಂದು ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಕೃತ್ಯದ ಉದ್ದೇಶ ಎಂಬಲ್ಲಿ ಗೋವಿಂದರಾಜರು ಬರೆದದ್ದು ಒಂದೇ ವಾಕ್ಯ: 'ಆರೋಪಿತಳು ಸದರಿ ಕ್ಯಾಮೆರಾವನ್ನು ಲಾಭಕ್ಕಾಗಿ ಕದ್ದಿರುವುದಿಲ್ಲ; ತನಗೆ ಯಾರೂ ಫೋನ್ ಮಾಡುವುದಿಲ್ಲವೆಂಬುದು ಊರಿಗೆ ತಿಳಿಯಬಾರದೆಂದು ಕದ್ದಿರುತ್ತಾಳೆ.'