ಬೀಗದ ಕೋಣೆಯ ಕಡಲಕುದುರೆ ಮರಿಗಳು

ಶುಕ್ರವಾರ ಮಧ್ಯಾಹ್ನ ಇಳಿದು ಅಸರ್ ಬಾಂಗ್ ಕೇಳುವ ಹೊತ್ತಿಗೆ ನಸೀಮ ಕೋಣೆಯ ಬೀಗ ತೆಗೆದಳು. ಬಕೆಟ್‌ನಲ್ಲಿ ಅರವತ್ತು ಕಡಲಕುದುರೆ ಮರಿಗಳಿದ್ದವು. ಅರವತ್ತೂ ಸತ್ತಿದ್ದವು.

ಹುಟ್ಟಿ ಮೂರೇ ದಿನ. ಹೋದ ತಿಂಗಳಿನವೂ ಹೀಗೇ ಸತ್ತಿದ್ದವು, ಅದೂ ಶುಕ್ರವಾರವೇ. ಆಮೇಲೆ ಕೋಣೆಗೆ ಬೀಗ ಬಿತ್ತು. ಇದ್ದದ್ದು ಒಂದೇ ಕೀಲಿ, ಅದು ನಸೀಮಳ ಕೊರಳಲ್ಲಿ.

ದುಬೈ ಕರಾಮದ ಆ ಫ್ಲಾಟ್‌ನಲ್ಲಿ ಸಂಶಯಪಡಲು ಹೆಚ್ಚು ಜನರಿರಲಿಲ್ಲ. ಉಳ್ಳಾಲದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ತಾಯಿ ಪಾತುಮ್ಮ. ಆ ಕೋಣೆಯ ಪ್ಲೈವುಡ್ ಪಾರ್ಟಿಶನ್ ಆಚೆ ಬಾಡಿಗೆಗಿದ್ದ ನರ್ಸ್ ಸ್ಟೇಸಿ. ಬಕೆಟ್‌ಗೆ ಗಾಳಿ ಬಿಡುವ ಪಂಪಿನ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಜಗಳ ತೆಗೆದವಳು ಸ್ಟೇಸಿ. ಪಾರ್ಟಿಶನ್ ಮೇಲೆ ಒಂದು ಗೇಣು ಸಂದಿತ್ತು. ಅವಳ ಮಂಚದಡಿ ತಿಗಣೆ ಸ್ಪ್ರೇ ಸಿಕ್ಕಿತು. ನಸೀಮಳಿಗೆ ಅಷ್ಟೇ ಸಾಕಾಯಿತು.

"ನನ್ನ ಮೇಲಿನ ಕೋಪ ಆ ಮರಿಗಳ ಮೇಲೆ ಯಾಕೆ ತೀರಿಸಿದ್ದು? ಇವತ್ತೇ ಖಾಲಿ ಮಾಡು. ಖಲಾಸ್."

"ನಾನು ಸ್ಪ್ರೇ ಹೊಡೀಲಿಲ್ಲ ಅಕ್ಕ. ಹೀಗೆ ಹೊರಟ್ರೆ ಕೊಂದವಳು ನಾನೇ ಅಂತ ಆಗ್ತದೆ."

ಆದರೂ ಸ್ಟೇಸಿ ಬ್ಯಾಗ್ ತುಂಬತೊಡಗಿದಳು.

* * *

ಕೂಗಾಟ ಕೇಳಿ ಎದುರು ಫ್ಲಾಟಿನ ಚಾಮುಂಡೇಶ್ವರಿ ಬಂದರು. ಮೈಸೂರಿನವರು, ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಕರೆಯದಿದ್ದರೂ ಬಂದು ಮೂಗು ತೂರಿಸುವ ಹೆಂಗಸು. ಈ ಗುಣ ಎಲ್ಲರಿಗೂ ಹಿಡಿಸುವುದಿಲ್ಲ, ನನಗೇನೋ ಹಿಡಿಸುತ್ತದೆ.

"ಈ ಬಕೆಟ್‌ನ ಏರ್ಪಾಡು ಹೇಗೆ ಮಾಡಿದ್ದೀಯಮ್ಮ? ಮೊದಲಿಂದ ಹೇಳು."

"ಗುಂಡಗಿನ ಬಕೆಟ್ ಆಂಟಿ, ಮೂಲೆ ಇದ್ರೆ ಮರಿಗಳು ಸಿಕ್ಕಿಕೊಳ್ತವೆ. ಬದಿಯಿಂದ ಬೆಳಕು ಬಿದ್ರೆ ಗೋಡೆಗೇ ಮೂತಿ ಕುಟ್ತವೆ, ಅದಕ್ಕೆ ಸುತ್ತ ಕಪ್ಪು ಕಾಗದ. ಗಾಳಿಯ ಗುಳ್ಳೆ ಮೆಲ್ಲ ಬರ್ಬೇಕು."

"ಈ ಬಟ್ಟಲು?"

"ಅವುಗಳ ಊಟ. ಉಪ್ಪುನೀರಲ್ಲಿ ನಿನ್ನೆ ಮೊಟ್ಟೆಯೊಡೆದ ಸಿಗಡಿ ಮರಿ."

ಚಾಮುಂಡೇಶ್ವರಿ ಮೊಬೈಲ್ ಟಾರ್ಚ್ ಹಿಡಿದರು. ಕಿತ್ತಳೆ ಬಣ್ಣದ ಚುಕ್ಕಿಗಳು ಗಿಜಿಗುಟ್ಟುತ್ತಿದ್ದವು. ಎಲ್ಲವೂ ಜೀವಂತ.

"ಸ್ಟೇಸಿ ಅಲ್ಲ. ತೆರೆದ ಬಟ್ಟಲು ಇದು. ತಿಗಣೆ ಔಷಧಿ ಬಿದ್ದಿದ್ರೆ ಮೊದಲು ಸಾಯಬೇಕಾಗಿದ್ದದ್ದು ಈ ಸಿಗಡಿ. ಅದೂ ಹುಳದ ಸಂಬಂಧೀನೇ."

ಹಾಗಾದರೆ ಬಟ್ಟಲನ್ನು ಬಿಟ್ಟು ಬಕೆಟ್‌ಗಷ್ಟೇ ಬಂದದ್ದೇನು? ಅವರು ಬಗ್ಗಿ ನೀರನ್ನು ಮೂಸಿದರು. ಮೇಲೆ ಎಣ್ಣೆಯಂಥ ತೆಳು ಪೊರೆ, ಅದರಲ್ಲೊಂದು ಪರಿಮಳ. ಬಕೆಟ್‌ಗೆ ಗಾಳಿಯ ಪೈಪಿತ್ತು, ಬಟ್ಟಲಿಗೆ ಇರಲಿಲ್ಲ. ಪೈಪು ಬಾಗಿಲಡಿಯ ಸಂದಿನಿಂದ ಹೊರಗೆ ಹೋಗಿತ್ತು. ಅವರು ಅದರ ಬೆನ್ನು ಹಿಡಿದು ಹಾಲ್‌ಗೆ ಬಂದರು.

* * *

ಸದ್ದಿನ ಜಗಳ ಆದ ಮೇಲೆ ನಸೀಮ ಪಂಪನ್ನು ಹಾಲ್‌ನ ಟಿವಿ ಪಕ್ಕಕ್ಕೆ ಸರಿಸಿದ್ದಳು. ಚಾಮುಂಡೇಶ್ವರಿ ಅದರ ತಳದ ಸ್ಪಂಜನ್ನು ಎಳೆದರು. ಕಂದು ಬಣ್ಣ, ಅಂಟು, ಊದಿನ ಘಮ.

"ಕೊಂದವರು ಕೋಣೆಗೆ ಹೋಗಲೇ ಇಲ್ಲ. ಇಲ್ಲಿ ಹೊಗೆ ಹಾಕಿದ್ರು, ಪಂಪು ಎಳ್ಕೊಂಡು ನೀರಿಗೆ ಬಿಡ್ತು. ಎರಡೂ ಸಲ ಶುಕ್ರವಾರ. ಶುಕ್ರವಾರ ಈ ಮನೇಲಿ ಬಖೂರ್ ಧೂಪ ಹಚ್ಚೋದು ಯಾರು?"

ಪಾತುಮ್ಮನ ಕೈಯಲ್ಲಿದ್ದ ಜಪಮಣಿ ನಿಂತಿತು.

"ಹಸುಗೂಸಿಗೆ ಧೂಪ ತೋರಿಸದೆ ಇರ್ತಾರಾ ಮಗಳೇ? ನಿನಗೂ ಮೀಯಿಸಿ ನಾನೇ ತೋರಿಸಿದ್ದು. ಕೋಣೆಗೆ ನೀನು ಬಿಡ್ಲಿಲ್ಲ. ಈ ಪೆಟ್ಟಿಗೆಯೇ ಮಕ್ಕಳಿಗೆ ಉಸಿರು ಕೊಡುವುದು ಅಂತ ನೀನೇ ಹೇಳಿದ್ದಲ್ಲ? ಎರಡೂ ಸಲ ಮಧ್ಯಾಹ್ನದ ನಮಾಜ್ ಆದ ಮೇಲೆ ಅದರ ಬುಡದಲ್ಲೇ ಹಿಡಿದೆ." ಅವರು ಪಂಪನ್ನು ಮುಟ್ಟಿ ನೋಡಿದರು. "ಹೋದ ತಿಂಗಳಿನವಕ್ಕೆ ದೃಷ್ಟಿ ತಾಗಿತ್ತು ಅಂತ, ಇವತ್ತು ಸ್ವಲ್ಪ ಜಾಸ್ತಿಯೇ ಹಾಕಿದೆ."

ಪ್ರೀತಿಯಿಂದ ಮಾಡಿದ ಕೊಲೆಗೆ ಶಿಕ್ಷೆ ಏನೆಂದು ಚಾಮುಂಡೇಶ್ವರಿಗೂ ಗೊತ್ತಿರಲಿಲ್ಲ. ನಸೀಮ ತಾಯಿಯ ಪಕ್ಕ ಕುಳಿತು ಅವರ ಕೈ ಹಿಡಿದುಕೊಂಡಳು.

ಸ್ಟೇಸಿ ಬ್ಯಾಗ್ ಹಿಡಿದು ಹೊರಬಾಗಿಲಲ್ಲಿ ನಿಂತಿದ್ದಳು. ಕೂಗಾಟಕ್ಕೆ ಕಾರಿಡಾರಿನಲ್ಲಿ ಆಗಲೇ ನಾಲ್ಕು ಜನ ಸೇರಿದ್ದರು. ನಸೀಮ ಎದ್ದು ಅವರೆಲ್ಲರ ನಡುವೆ ಹೋಗಿ ನಿಂತಳು.

"ಇವಳು ಏನೂ ಮಾಡ್ಲಿಲ್ಲ. ನಾನು ಕೇಳದೆ, ನೋಡದೆ ಹೇಳಿದ್ದು. ತಪ್ಪಾಯ್ತು ಸ್ಟೇಸಿ."

ಸ್ಟೇಸಿ ಚಪ್ಪಲಿ ಬಿಚ್ಚಿ ಒಳಗೆ ಬಂದಳು.