ಮೂರು ಹೆಜ್ಜೆ ದೂರದ ಗಡಿಯಾರ

"ಏಯ್ ಬುಗುರಿ, ಮಿಸ್ ಕರೀತಿದ್ದಾರೆ ಕಣೇ!"

ಪಕ್ಕದಲ್ಲಿ ಕೂತಿದ್ದ ಗೆಳತಿ ಮೊಣಕೈಯಿಂದ ತಿವಿದಾಗಲೇ ಬುಗುರಿ ತಲೆ ಎತ್ತಿದ್ದು. ಇಡೀ ಕ್ಲಾಸು ಅವಳನ್ನೇ ನೋಡುತ್ತಿತ್ತು. ಮಿಸ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಮೂರು ಸಲ ಕರೆದೆ. ಕಿವಿ ಮನೇಲಿ ಬಿಟ್ಟು ಬಂದ್ಯಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಬುಗುರಿಗೆ ನಗು ಬರಲಿಲ್ಲ. ಮೂರು ಸಲವಂತೆ! ಅವಳಿಗೆ ಒಂದು ಸಲವೂ ಕೇಳಿಸಿರಲಿಲ್ಲ. ಕಿವಿಯೊಳಗೆ ಗುಂಯ್ ಅನ್ನುವ ಸದ್ದೊಂದು ಬೆಳಗ್ಗೆಯಿಂದ ಬಿಡದೆ ಕೂತಿತ್ತು, ಅಷ್ಟೇ.

'ಬಂದೇಬಿಟ್ಟಿತು' ಎಂದುಕೊಂಡಳು. 'ನನಗೂ ಬಂದೇಬಿಟ್ಟಿತು.'

ಬುಗುರಿ ಅವಳ ನಿಜವಾದ ಹೆಸರೇನಲ್ಲ. ಒಂದು ಕಡೆ ಕೂರದೆ ತಿರುಗುತ್ತಲೇ ಇರುತ್ತಾಳೆಂದು ತಾತ ಇಟ್ಟ ಹೆಸರು. ತಾತ, ಅಪ್ಪ ಇಬ್ಬರದೂ ತಗಡಿನ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ. ಟ್ರಂಕು, ಬಕೆಟ್ಟು, ಆಲಿಕೆ, ನೀರಿನ ಡ್ರಮ್ಮಿನ ಮುಚ್ಚಳ, ಏನು ಬೇಕಾದರೂ ಮಾಡಿಕೊಡುತ್ತಾರೆ. ಬೆಳಗ್ಗೆ ಎಂಟಕ್ಕೆ ಶುರುವಾದ ಸುತ್ತಿಗೆ, ಮಧ್ಯಾಹ್ನದ ಊಟ ಬಿಟ್ಟರೆ, ಸಂಜೆ ಆರಕ್ಕೇ ಕೆಳಗಿಳಿಯುವುದು. ಆ ಗದ್ದಲದಲ್ಲಿ ಬಾಯಿಮಾತು ನಡೆಯುವುದುಂಟೇ? ಅಂಗಡಿಯಲ್ಲಿ ಎಲ್ಲವೂ ಕೈಸನ್ನೆ. ಎರಡು ಬೆರಳು ತೋರಿಸಿದರೆ ಕತ್ತರಿ, ಮುಷ್ಟಿ ತೋರಿಸಿದರೆ ಸುತ್ತಿಗೆ, ಹೆಬ್ಬೆರಳು ಬಾಯಿಗೆ ಹಿಡಿದರೆ ಟೀ.

ಆ ಮನೆಯಲ್ಲಿ ಕಿವಿಗಳು ಬೇಗ ಮುದಿಯಾಗುತ್ತಿದ್ದವು. ಮುತ್ತಾತನಿಗೆ ಕೇಳಿಸುತ್ತಿರಲಿಲ್ಲವಂತೆ. ತಾತನಿಗಂತೂ ಈಗ ಕಿವಿಯ ಹತ್ತಿರವೇ ಕಿರುಚಬೇಕು. ಅಪ್ಪನಿಗೆ ಇನ್ನೂ ನಲವತ್ತು, ಆಗಲೇ ಪ್ರತಿ ಮಾತಿಗೂ "ಆಂ? ಏನಂದೆ?" ಎನ್ನುತ್ತಾನೆ. ಟೀವಿ ಹಾಕಿದರೆ ಬೀದಿಯವರಿಗೆಲ್ಲ ಸಮಾಚಾರ ತಿಳಿಯುತ್ತದೆ.

"ನಮ್ಮ ಮನೆತನದ ಕಿವೀನೇ ಹಾಗೆ. ರಕ್ತದಲ್ಲೇ ಬಂದಿದ್ದು" ಎನ್ನುವುದು ತಾತನ ಮಾತು. ನಮ್ಮ ಮನೆಯವರ ಮೂಗು ಉದ್ದ ಎಂದು ಬೇರೆಯವರು ಹೇಳಿಕೊಳ್ಳುವುದಿಲ್ಲವೇ, ಹಾಗೆ. ಯಾರಿಗೂ ಅದರ ಬಗ್ಗೆ ಅಷ್ಟೇನೂ ಬೇಜಾರಿರಲಿಲ್ಲ.

ಬುಗುರಿಗೆ ಮಾತ್ರ ಭಯ. ಯಾಕೆಂದರೆ ಅವಳ ಎಡಗಿವಿಯ ತುದಿ ಮಡಚಿಕೊಂಡಿದೆ, ಥೇಟ್ ತಾತನದರಂತೆ. ಮನೆಗೆ ಬಂದವರೆಲ್ಲ ಅದನ್ನು ಹಿಡಿದು, "ಅಬ್ಬಾ, ತಾತನ ಕಿವಿ ಹಾಗೇ ಇಳಿಸ್ಕೊಂಡಿದ್ದಾಳೆ!" ಎನ್ನುತ್ತಿದ್ದರು. ಹಾಗೆ ಯಾರಾದರೂ ಅಂದಾಗಲೆಲ್ಲ ಅವಳು ಕೂದಲೆಳೆದು ಆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಅವತ್ತು ಸಂಜೆ ಸುತ್ತಿಗೆ ನಿಂತದ್ದೇ ಬುಗುರಿ ಅಮ್ಮನ ಕೀಲಿ ಕೊಡುವ ಪುಟ್ಟ ಅಲಾರಂ ಗಡಿಯಾರ ತಗೊಂಡಳು. ಅದನ್ನು ನಡುಮನೆಯ ಕಿಟಕಿಯಲ್ಲಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಎಂಟನೇ ಹೆಜ್ಜೆಗೆ ಟಿಕ್ ಟಿಕ್ ನಿಂತುಹೋಯಿತು. ಅಮ್ಮನನ್ನು ಎಳೆದುತಂದು ನಿಲ್ಲಿಸಿದಳು.

"ಇದೇನೇ ಹೊಸ ಆಟ? ಒಲೆ ಮೇಲೆ ಹಾಲಿಟ್ಟಿದ್ದೀನಿ."

"ಕೇಳಿಸ್ತಿದೆಯಾ ಹೇಳಮ್ಮ, ಅಷ್ಟು ಸಾಕು."

ಅಮ್ಮನಿಗೆ ಹನ್ನೆರಡು ಹೆಜ್ಜೆ, ಅಂದರೆ ಅಡುಗೆಮನೆ ಬಾಗಿಲವರೆಗೂ ಕೇಳಿಸಿತು. ಅಮ್ಮ ಬೇರೆ ಮನೆಯಲ್ಲಿ ಹುಟ್ಟಿದವಳು, ಅವಳ ರಕ್ತ ಬೇರೆ. ಮೇಲೆ ಬಂದ ಅಪ್ಪನಿಗೆ ಬರೀ ಮೂರು ಹೆಜ್ಜೆ. ತಾತನ ಕಿವಿಗೆ ಗಡಿಯಾರವನ್ನು ಒತ್ತಿ ಹಿಡಿದಳು.

"ಯಾಕೇ, ಕೆಟ್ಟುಹೋಗಿದೆಯಾ?" ಎಂದರು ತಾತ.

ಭಾನುವಾರ ಅಂಗಡಿಗೆ ರಜೆ. ಮತ್ತೆ ನೋಡಿದಾಗ ಬುಗುರಿಗೂ ಹನ್ನೆರಡು ಹೆಜ್ಜೆ ಸಿಕ್ಕಿತು! ಖುಷಿಯಲ್ಲಿ ಕುಣಿದಳು. ಸೋಮವಾರ ಎಂದಿನಂತೆ ಅಪ್ಪನ ಪಕ್ಕದಲ್ಲಿ ಡ್ರಮ್ಮಿನ ಮೇಲೆ ಕೂತು ಹೋಮ್‌ವರ್ಕ್ ಮುಗಿಸಿ, ಅಂಗಡಿ ಮುಚ್ಚುತ್ತಲೇ ಮೇಲೆ ಬಂದು ನೋಡಿದರೆ ಪುನಃ ಎಂಟು. ಈ ಕಾಯಿಲೆ ಕಣ್ಣಾಮುಚ್ಚಾಲೆ ಆಡುತ್ತಿದೆ, ಒಂದು ದಿನ ಬಂದದ್ದು ಹೋಗುವುದೇ ಇಲ್ಲ ಎಂದುಕೊಂಡಳು. ರಾತ್ರಿ ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದಳು. ಹಣೆಯಲ್ಲೇನಿರುತ್ತದೆ, ಪಾಪ.

ಆ ವಾರವೇ ಚಿಕ್ಕ ತಾತ ಬಂದರು.

ಚಿಕ್ಕ ತಾತ ಎಂದರೆ ತಾತನ ಜೊತೆಯಲ್ಲೇ ಹುಟ್ಟಿದವರು, ಹತ್ತು ನಿಮಿಷಕ್ಕೆ ಚಿಕ್ಕವರು. ದೂರದ ಊರಿನಲ್ಲಿ ಬುಕ್ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಈಗ ಮೊಣಕಾಲಿನ ಡಾಕ್ಟರಿಗೆ ತೋರಿಸಲು ಬಂದಿದ್ದರು. ಬುಗುರಿ ಅವರನ್ನು ನೋಡಿದ್ದು ತೀರಾ ಪುಟ್ಟವಳಿದ್ದಾಗ.

ಬಾಗಿಲು ತೆರೆದವಳು ಕಕ್ಕಾಬಿಕ್ಕಿಯಾದಳು. ಎದುರಿಗೆ ಇನ್ನೊಬ್ಬ ತಾತ! ಅದೇ ಬೋಳುತಲೆ, ಅದೇ ಮೂಗು, ಎಡಗಿವಿಯ ತುದಿಯಲ್ಲಿ ಅದೇ ಮಡಿಕೆ. ಒಬ್ಬರು ಸೀನಿದರೆ ಸತತ ಏಳು ಸೀನು, ಇನ್ನೊಬ್ಬರದೂ ಏಳೇ. ಇಬ್ಬರಿಗೂ ಬಲಮೊಣಕಾಲೇ ನೋವು. ಬಿಪಿ ಮಾತ್ರೆ ಶುರುವಾದದ್ದೂ ಒಂದೇ ವರ್ಷ. ಚಿಕ್ಕ ತಾತನ ಬೆನ್ನು ಮಾತ್ರ ಬಾಗಿತ್ತು. ತಾತ ಕಂಬದ ಹಾಗೆ ನೆಟ್ಟಗಿದ್ದರು.

ಶನಿವಾರ ಅರ್ಧ ದಿನ ಸ್ಕೂಲು. ಮಧ್ಯಾಹ್ನ ಕೆಳಗೆ ಊಟಕ್ಕೆಂದು ಸುತ್ತಿಗೆ ನಿಂತಿದ್ದಾಗ ಚಿಕ್ಕ ತಾತ ಕಿಟಕಿಗೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದರು. ಬುಗುರಿ ಸದ್ದಿಲ್ಲದೆ ಬಂದು ಕಿಟಕಿಯಲ್ಲಿ ಗಡಿಯಾರ ಇಟ್ಟಳು. ಅವರ ಕುರ್ಚಿಗೂ ಕಿಟಕಿಗೂ ಒಂಬತ್ತು ಹೆಜ್ಜೆ. ಇವರಿಗೂ ಕಿವುಡೇ ಇರುತ್ತದೆ, ಇನ್ನೇನು? ಒಂದೇ ರಕ್ತ ತಾನೇ?

"ಯಾರಪ್ಪಾ ಅದು, ಹಿಂದಿನಿಂದ ಗಡಿಯಾರ ತಂದಿಟ್ಟಿದ್ದು?" ಎಂದರು ಚಿಕ್ಕ ತಾತ, ತಲೆಯನ್ನೂ ತಿರುಗಿಸದೆ.

ಬುಗುರಿ ಓಡಿ ಅವರ ಮುಂದೆ ಬಂದಳು.

"ಚಿಕ್ಕ ತಾತಾ, ನಿಮಗೆ... ನಿಮಗೆ ಕೇಳಿಸುತ್ತಾ?"

"ಕೇಳಿಸದೆ ಏನಾಗಿದೆ ನನಗೆ? ನೀನು ಬರಿಗಾಲಲ್ಲಿ ಬಂದಿದ್ದೂ ಕೇಳಿಸ್ತು."

"ಮತ್ತೆ ತಾತಂಗೆ ಯಾಕೆ ಕೇಳಿಸಲ್ಲ? ನೀವಿಬ್ಬರೂ ಒಂದೇ ದಿನ ಹುಟ್ಟಿದ್ದಲ್ವಾ? ಕಿವೀನೂ ಒಂದೇ ಥರ ಇದೆಯಲ್ಲಾ?"

ಚಿಕ್ಕ ತಾತ ಪೇಪರ್ ಮಡಚಿದರು. "ಒಂದೇ ಹಾಳೆ ಹರಿದು ಎರಡು ಮಾಡಿದ ಹಾಗೆ ನಾವು. ಆದ್ರೆ ಒಂದು ತುಂಡು ಇಲ್ಲೇ ಉಳೀತು, ಇನ್ನೊಂದು ಬೇರೆ ಕಡೆ ಹೋಯ್ತು. ನನಗೆ ಆ ಸುತ್ತಿಗೆ ಸದ್ದು ತಡೆಯೋಕೇ ಆಗ್ತಿರಲಿಲ್ಲಮ್ಮ. ಹನ್ನೆರಡನೇ ವಯಸ್ಸಿಗೇ ಓಡಿಹೋಗಿ ಬೈಂಡಿಂಗ್ ಅಂಗಡಿ ಸೇರ್ಕೊಂಡೆ. ಪುಕ್ಕಲ, ಪುಕ್ಕಲ ಅಂತ ಎಲ್ಲರೂ ಎಷ್ಟು ಆಡ್ಕೊಂಡರು ಗೊತ್ತಾ? ಅರವತ್ತು ವರ್ಷ ಬಗ್ಗಿ ಪುಸ್ತಕ ಹೊಲಿದೆ. ನೋಡು, ಬೆನ್ನು ಹೀಗಾಯ್ತು."

ಬುಗುರಿ ಅಲುಗಾಡದೆ ನಿಂತಳು. ಅವಳು ಅಲುಗಾಡದೆ ನಿಲ್ಲುವುದೇ ಒಂದು ಸುದ್ದಿ. ಭಾನುವಾರ ಹನ್ನೆರಡು ಹೆಜ್ಜೆ. ಸೋಮವಾರ ಎಂಟು. ಭಾನುವಾರ ಅಂಗಡಿ ಮುಚ್ಚಿತ್ತು. ಸೋಮವಾರ ಅವಳು ಡ್ರಮ್ಮಿನ ಮೇಲೆ ಕೂತಿದ್ದಳು.

ಕೆಳಗೆ ಅಪ್ಪನ ಸುತ್ತಿಗೆ ಮತ್ತೆ ಢಣ್ ಢಣ್ ಎನ್ನತೊಡಗಿತು. ಅಪ್ಪನಿಗೆ ಉಳಿದಿರುವುದು ಮೂರೇ ಹೆಜ್ಜೆ!

ಒಂದೇ ಉಸಿರಿಗೆ ಅಮ್ಮನ ಪೆಟ್ಟಿಗೆಯಿಂದ ಹತ್ತಿ ಕಿತ್ತುಕೊಂಡು ಮೆಟ್ಟಿಲಿಳಿದಳು. ಅಪ್ಪನ ತೋಳು ಹಿಡಿದು ಜಗ್ಗಿದಳು. "ಅಪ್ಪಾ, ನಿಲ್ಲಿಸು! ಸುತ್ತಿಗೆ ನಿಲ್ಲಿಸಪ್ಪಾ!"

"ಆಂ? ಏನಾಯ್ತೇ? ಯಾಕೆ ಅಳ್ತಿದ್ದೀಯಾ?"

ತಾನು ಅಳುತ್ತಿದ್ದೇನೆಂದು ಬುಗುರಿಗೆ ಗೊತ್ತಾದದ್ದೇ ಆಗ. ಗಡಿಯಾರ, ಹೆಜ್ಜೆ, ಸ್ಕೂಲಿನಲ್ಲಿ ಮಿಸ್ ಕರೆದದ್ದು, ಚಿಕ್ಕ ತಾತ, ಎಲ್ಲವನ್ನೂ ಗಟ್ಟಿಯಾಗಿ ಹೇಳಿದಳು. ಹತ್ತಿಯನ್ನು ಅಪ್ಪನ ಕಿವಿಗೆ ತುರುಕಲು ಹೋದಳು.

ಅಪ್ಪ ತಲೆ ಕೊಡವಿದ. "ನಿನ್ನನ್ನ ಇನ್ನು ಅಂಗಡಿಯೊಳಗೆ ಬಿಡಲ್ಲ, ಸರಿ. ಆದ್ರೆ ನಾನು ಕಿವಿ ಮುಚ್ಕೊಂಡು ಕೆಲಸ ಹೇಗಮ್ಮಾ ಮಾಡ್ಲಿ? ಅಂಚು ಮಡಚಿ ಬಡಿಯುವಾಗ ಸದ್ದೇ ಹೇಳೋದು. ಸಡಿಲ ಇದ್ರೆ ಲಟ್ ಅನ್ನುತ್ತೆ, ಕೂತ್ರೆ ಢಣ್ ಅನ್ನುತ್ತೆ. ಅದು ಕೇಳಿಸದಿದ್ರೆ ಬಕೆಟ್ಟೆಲ್ಲ ಸೋರುತ್ತೆ."

ಬುಗುರಿ ಹತ್ತಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

ಮೂಲೆಯಲ್ಲಿ ಕೂತಿದ್ದ ತಾತನಿಗೆ ಮಾತು ಕೇಳಿಸಿರಲಿಲ್ಲ, ಹತ್ತಿ ಕಂಡಿತ್ತು. ಬಾಗಿಲಲ್ಲಿ ಬಂದು ನಿಂತ ತಮ್ಮನೂ ಕಂಡರು. ಚಿಕ್ಕ ತಾತ ತಮ್ಮ ಮಡಚಿದ ಕಿವಿ ಮುಟ್ಟಿ, ಅಣ್ಣನ ಕಿವಿ ತೋರಿಸಿ, ಆಮೇಲೆ ಸುತ್ತಿಗೆಯತ್ತ ಬೆರಳು ಮಾಡಿದರು. ಅಂಗಡಿಯ ಕೈಸನ್ನೆಯನ್ನು ಅವರಿನ್ನೂ ಮರೆತಿರಲಿಲ್ಲ.

ತಾತ ಸುತ್ತಿಗೆಯನ್ನು ನೋಡಿದರು, ಆಮೇಲೆ ಮಗನನ್ನು.

"ನಾನೇ ಅಲ್ವೇನೋ ಇವನನ್ನ ಅಂಗಡಿಗೆ ಕರ್ಕೊಂಡು ಬಂದಿದ್ದು" ಎಂದರು. ಯಾವಾಗಲೂ ಗುಡುಗುವ ಗಂಟಲು ಆಗ ತುಂಬ ಸಣ್ಣಗಾಗಿತ್ತು. "ರಕ್ತ, ರಕ್ತ ಅಂತ ಹೇಳ್ಕೊಂಡೇ ಇದ್ದೆ."

ಆಮೇಲೆ ಎದ್ದು ಬಂದರು. ಬುಗುರಿಯ ಕೈಯಿಂದ ಹತ್ತಿ ತೆಗೆದುಕೊಂಡು, ಮಗನ ಎರಡೂ ಕಿವಿಗೆ ತಾವೇ ಇಟ್ಟರು. ಅರ್ಧ ಮುಗಿದ ಬಕೆಟ್ಟನ್ನು ಎಳೆದು, ಮಗನ ಹೆಬ್ಬೆರಳನ್ನು ಹಿಡಿದು ಅದರ ಅಂಚಿನ ಮೇಲೆ ಒತ್ತಿದರು. ಇನ್ನೊಂದು ಕೈಯಿಂದ ಸುತ್ತಿಗೆ ಎತ್ತಿ ಮೆಲ್ಲಗೆ ಒಂದು ಏಟು ಹಾಕಿದರು. ಸ್ವಲ್ಪ ಮುಂದಕ್ಕೆ ಸರಿದು ಇನ್ನೊಂದು.

"ನಡುಗಿದ್ರೆ ಸಡಿಲ. ನಡುಗದಿದ್ರೆ ಕೂತಿದೆ. ಇಪ್ಪತ್ತು ವರ್ಷದಿಂದ ನಾನು ಬೆರಳಲ್ಲೇ ಕೇಳ್ತಿದ್ದೀನಿ. ನೀನೂ ಕಲಿ."

ಅಪ್ಪನಿಗೆ ಅದರಲ್ಲಿ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಹೆಬ್ಬೆರಳನ್ನು ಮಾತ್ರ ತೆಗೆಯಲಿಲ್ಲ.

ಕಲಿಯುವುದು ಅಷ್ಟು ಸುಲಭವಾಗಲಿಲ್ಲ. ಮೊದಲ ವಾರ ಮೂರು ಬಕೆಟ್ಟು ಸೋರಿದವು, ಅಪ್ಪ ಸಿಡಿಮಿಡಿಗೊಂಡ. ಆಮೇಲೆ ಕಡಿಮೆಯಾಯಿತು. ಹತ್ತಿ ಸಾಲದೆಂದು ಅಮ್ಮ ಕಿವಿ ಡಾಕ್ಟರರ ಹತ್ತಿರ ಹೋಗಿ ರಬ್ಬರಿನ ಬಿರಡೆ ತಂದಳು. ಬುಗುರಿಯ ಕಿವಿಯನ್ನೂ ತೋರಿಸಿಕೊಂಡು ಬಂದಳು. ಹೋಮ್‌ವರ್ಕ್ ಈಗ ಮೇಲೆ ನಡುಮನೆಯಲ್ಲಿ.

ಪ್ರತಿ ಭಾನುವಾರ ಬುಗುರಿ ಕಿಟಕಿಯಲ್ಲಿ ಗಡಿಯಾರ ಇಡುತ್ತಾಳೆ. ಅವಳಿಗೆ ಹನ್ನೆರಡು. ಆಮೇಲೆ ಅಪ್ಪನ ಸರದಿ. ಅಪ್ಪ ಕಣ್ಣು ಮುಚ್ಚಿ ಹಿಂದೆ ಸರಿಯುವಾಗ ಅವಳು ಹೆಜ್ಜೆ ಎಣಿಸುತ್ತಾಳೆ. ಒಂದು. ಎರಡು. ಮೂರು.

"ಇನ್ನೂ ಕೇಳಿಸ್ತಿದೆ" ಎನ್ನುತ್ತಾನೆ ಅಪ್ಪ.

ಮೂರು ನಾಲ್ಕಾಗುವುದಿಲ್ಲ. ಅದು ಬುಗುರಿಗೆ ಈಗ ಗೊತ್ತು. ಆದರೆ ಐದು ತಿಂಗಳಾಯಿತು, ಎರಡಕ್ಕೆ ಇಳಿದೂ ಇಲ್ಲ.

ಕಳೆದ ಭಾನುವಾರ ಗಡಿಯಾರ ಎತ್ತಿಡಲು ಹೊರಟಾಗ ತಾತ ಅಡ್ಡ ಕೈ ಹಾಕಿದರು. "ನನ್ನ ಸರದಿ ಎಲ್ಲೇ?"

ಬುಗುರಿ ಅನುಮಾನಿಸಿದಳು. ಅವರ ಮಡಚಿದ ಕಿವಿಗೆ ಗಡಿಯಾರ ಹಿಡಿಯಲು ಹೋದಳು. ತಾತ ತಲೆಯಾಡಿಸಿ, ಗಡಿಯಾರವನ್ನು ತಾವೇ ತೆಗೆದುಕೊಂಡು, ಅದರ ತಗಡಿನ ಬೆನ್ನಿನ ಮೇಲೆ ಹೆಬ್ಬೆರಳಿಟ್ಟರು. ಕಣ್ಣು ಮುಚ್ಚಿಕೊಂಡರು.

"ಕೆಟ್ಟಿಲ್ಲ ಕಣೇ" ಎಂದರು. "ಓಡ್ತಿದೆ."

ಬುಗುರಿ ತನ್ನ ಹೆಬ್ಬೆರಳನ್ನೂ ಅವರ ಬೆರಳಿನ ಪಕ್ಕದಲ್ಲಿಟ್ಟಳು.